ಚಂದ್ರನ ಮೇಲೆ ಕಾಲೋನಿ: ಕೆರೆ ಯಾರದು, ನಲ್ಲಿ ಯಾರ ಕೈಲಿ?

(ವಿದ್ಯಾರ್ಥಿನಿಲಯವೊಂದರ ಚರ್ಚಾಕೂಟದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇವತ್ತಿನ ಚರ್ಚೆಗೆ ನೀವೇ ಆರಿಸಿಕೊಂಡ ವಿಷಯ ‘ಚಂದ್ರನ ಮೇಲೆ ಕಾಲೋನಿ ಕಟ್ಟುವುದು ಸಾರ್ಥಕವೆ?’ ಅಂತ. ವಿಷಯ ಓದಿದ ಕೂಡಲೆ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ಯಾಕೆ ನಕ್ಕಿರಿ ಅಂತ ನನಗೆ ಗೊತ್ತು. ನಮ್ಮ ಕಡೆ ಕಾಲೋನಿ ಅಂದರೆ ಬೇರೆಯೇ ಅರ್ಥ. ಬಸ್ಸಿನಲ್ಲಿ ಪಕ್ಕ ಕೂತವರು ‘ಯಾವೂರಪ್ಪ?’ ಅಂತಾರೆ. ಊರ ಹೆಸರು ಹೇಳಿದರೆ ‘ಊರೊಳಗೋ, ಕಾಲೋನಿಯೋ?’ ಅಂತ ಇನ್ನೊಂದು ಕೇಳ್ತಾರೆ. ಮೊದಲನೆಯದು ಊರು ಕೇಳಿದ್ದು, ಎರಡನೆಯದು ಜಾತಿ ಕೇಳಿದ್ದು. ಊರಾಚೆ ಸರ್ಕಾರ ಸೈಟು ಕೊಟ್ಟು, ಎರಡು ಸಾಲು ಮನೆ ಕಟ್ಟಿಸಿ, ಒಂದು ಬೋರ್ಡು ನೆಟ್ಟರೆ ಅದು ಕಾಲೋನಿ. ಅಂಥದರಲ್ಲಿ ಪ್ರಪಂಚದ ದೊಡ್ಡ ದೊಡ್ಡ ಶ್ರೀಮಂತರೆಲ್ಲ ಕಾಲೋನಿಗೆ ಹೋಗೋಕೆ ತುದಿಗಾಲಲ್ಲಿ ನಿಂತಿದ್ದಾರೆ ಅಂದರೆ ನಗು ಬಾರದೆ ಇರುತ್ತದೆಯೆ?

ನಗು ಇರಲಿ. ಆದರೆ ಪ್ರಶ್ನೆ ತಮಾಷೆಯದಲ್ಲ. ಕಾಲೋನಿ ಅನ್ನುವ ಮಾತಿಗೆ ವಸಾಹತು ಅನ್ನುವ ಅರ್ಥವೂ ಇದೆ. ಬಿಳಿಯರು ಹಡಗು ಹತ್ತಿ ಬಂದು ಪರರ ನೆಲದಲ್ಲಿ ಬಾವುಟ ನೆಟ್ಟದ್ದು ಆ ಕಾಲೋನಿ. ಊರಿನವರು ನಮ್ಮನ್ನು ಹೊರಗಿಟ್ಟ ಜಾಗ ಈ ಕಾಲೋನಿ. ಎರಡರಲ್ಲೂ ಕೇಳಬೇಕಾದದ್ದು ಒಂದೇ: ನೆಲ ಯಾರದು? ನೀರು ಯಾರದು? ದುಡಿಯೋರು ಯಾರು? ಹೇಲು ಬಾಚೋರು ಯಾರು? ಚಂದ್ರನ ವಿಷಯದಲ್ಲೂ ನಾನು ಇದನ್ನೇ ಕೇಳೋಕೆ ಬಂದಿದ್ದೀನಿ. ನಾನು ಬಿ.ಎ. ಓದಿದವನು, ಪದ್ಯ ಬರೆಯೋನು. ರಾಕೆಟ್ಟಿನ ಗಣಿತ ನನಗೆ ಬಾರದು. ಆದರೆ ಈ ನಾಲ್ಕು ಪ್ರಶ್ನೆ ಕೇಳೋಕೆ ಗಣಿತ ಬೇಕಿಲ್ಲ, ಕೇರಿಯಲ್ಲಿ ಹುಟ್ಟಿದ್ದರೆ ಸಾಕು.

ಎರಡು ಸಿದ್ಧ ಉತ್ತರಗಳು

ಈ ವಿಷಯಕ್ಕೆ ಎರಡು ಉತ್ತರಗಳು ಸಿದ್ಧವಾಗಿವೆ. ಒಂದು ಟಿ.ವಿ.ಯವರ ಉತ್ತರ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಕಡೆಯ ನೆಲಕ್ಕೆ ಇಳಿಯಿತು. ಹಾಸ್ಟೆಲುಗಳಲ್ಲೂ ಹುಡುಗರು ಕುಣಿದರು. ಕುಣಿದದ್ದು ತಪ್ಪಲ್ಲ. ಅಷ್ಟು ದೂರ, ಸುಮಾರು 3,84,000 ಕಿಲೋಮೀಟರು, ಒಂದು ಯಂತ್ರವನ್ನು ಕಳಿಸಿ ಮೆಲ್ಲಗೆ ಇಳಿಸೋದು ಸಾಮಾನ್ಯ ಕೆಲಸವಲ್ಲ. ಆದರೆ ಮೂರೇ ದಿನಕ್ಕೆ, ಆಗಸ್ಟ್ 26ರಂದು, ಬೆಂಗಳೂರಿನಲ್ಲೇ ಆ ಜಾಗಕ್ಕೆ ‘ಶಿವಶಕ್ತಿ’ ಅಂತ ಹೆಸರಿಟ್ಟರು. ಖರ್ಚು ಎಲ್ಲರ ತೆರಿಗೆಯದು, ಹೆಸರು ಮಾತ್ರ ಒಂದು ಪುರಾಣದ್ದು. ಬೇಲಿ ಹಾಕೋರು ಮೊದಲು ಹೆಸರಿಡ್ತಾರೆ ಅನ್ನೋದನ್ನ ಮನಸ್ಸಿನಲ್ಲಿಡಿ.

ಇನ್ನೊಂದು ನಮ್ಮವರೇ ಹೇಳುವ ಉತ್ತರ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಕೇರಿಗೆ ರಸ್ತೆ ಇಲ್ಲ, ಚಂದ್ರನಿಗೆ ದಾರಿ ಯಾಕೆ?’ ಈ ಉತ್ತರದಲ್ಲಿ ಸಿಟ್ಟಿದೆ, ಸಿಟ್ಟಿಗೆ ಕಾರಣವೂ ಇದೆ. ಇದನ್ನು ಮೊದಲು ಕೇಳಿದವರೂ ನಾವಲ್ಲ. 1969ರ ಜುಲೈ 16ರಂದು ಅಮೆರಿಕದ ಅಪೊಲೊ-11 ಹಾರಬೇಕಿತ್ತು. ಹಿಂದಿನ ದಿನ, ಮಾರ್ಟಿನ್ ಲೂಥರ್ ಕಿಂಗ್ ಅವರ ಜೊತೆಗಾರ ರಾಲ್ಫ್ ಅಬರ್ನಥಿ ಅವರು ಬಡ ಕರಿಯರ ಕುಟುಂಬಗಳನ್ನು ಕರಕೊಂಡು, ಹೇಸರಗತ್ತೆ ಕಟ್ಟಿದ ಗಾಡಿಯೊಂದಿಗೆ ರಾಕೆಟ್ ಕೇಂದ್ರದ ಹತ್ತಿರ ಬಂದು ನಿಂತರು. ಮುಂದೆ ಆಕಾಶಕ್ಕೆ ಹಾರೋ ರಾಕೆಟ್ಟು, ಇತ್ತ ಹೇಸರಗತ್ತೆ ಗಾಡಿ. ನಾಸಾದ ಮುಖ್ಯಸ್ಥ ಥಾಮಸ್ ಪೇನ್ ಬಂದು ಮಾತಾಡಿದರು. ನಾಳೆ ಗುಂಡಿ ಒತ್ತದೆ ಇದ್ದರೆ ಬಡತನ ಹೋಗುತ್ತೆ ಅನ್ನೋದಾದರೆ ನಾವು ಒತ್ತೋದೇ ಇಲ್ಲ, ಆದರೆ ನಿಮ್ಮ ಸಮಸ್ಯೆಯ ಮುಂದೆ ಚಂದ್ರನಿಗೆ ಹೋಗೋದು ಮಕ್ಕಳಾಟ ಅನ್ನುವ ಅರ್ಥದ ಮಾತಾಡಿದರು. ಮರುವರ್ಷ, 1970ರಲ್ಲಿ, ಗಿಲ್ ಸ್ಕಾಟ್-ಹೆರನ್ ಅನ್ನುವ ಕರಿಯ ಕವಿ ಬಿಳಿಯ ಚಂದ್ರನ ಮೇಲೆ ಇರುವಾಗ ನಮ್ಮ ಗತಿ ಏನು ಅಂತ ಕೇಳುವ ಪದ್ಯವನ್ನೇ ಬರೆದ. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ತನ್ನ ಹೆಸರನ್ನು ಆ ಕರಿಯರ ಹೋರಾಟದಿಂದಲೇ ಪಡೆದದ್ದು. ಆದ್ದರಿಂದ ಅಬರ್ನಥಿಯವರ ಗಾಡಿ ನಮಗೂ ಸೇರಿದ್ದು.

ಆದರೆ ಗಮನಿಸಿ, ಅಬರ್ನಥಿ ರಾಕೆಟ್ ನಿಲ್ಲಿಸಿ ಅಂತ ಹೇಳಲಿಲ್ಲ. ಆ ಸಾಧನೆಯ ಬಗ್ಗೆ ತಮಗೂ ಹೆಮ್ಮೆ ಇದೆ ಅಂದರು. ಅವರು ಕೇಳಿದ್ದು, ಇಷ್ಟು ಬಲ ಇರುವ ದೇಶ ಹಸಿವಿನ ಮುಂದೆ ಮಾತ್ರ ಯಾಕೆ ಕೈಲಾಗದವರ ಥರ ನಿಲ್ಲುತ್ತೆ ಅಂತ.

ನಮ್ಮ ಲೆಕ್ಕವನ್ನೂ ನೋಡೋಣ. ಚಂದ್ರಯಾನ-3ಕ್ಕೆ ಆದ ಖರ್ಚು ಸುಮಾರು 615 ಕೋಟಿ ರೂಪಾಯಿ. 2025-26ರ ಕೇಂದ್ರ ಬಜೆಟ್ಟಿನಲ್ಲಿ ಬಾಹ್ಯಾಕಾಶ ಇಲಾಖೆಗೆ ಎತ್ತಿಟ್ಟದ್ದು ಸುಮಾರು 13,400 ಕೋಟಿ, ಒಟ್ಟು ಬಜೆಟ್ಟು 50 ಲಕ್ಷ ಕೋಟಿಗೂ ಮೇಲೆ. ಅಂದರೆ ನೂರು ರೂಪಾಯಿಯಲ್ಲಿ ಸುಮಾರು 26 ಪೈಸೆ. ಆ 26 ಪೈಸೆ ಉಳಿಸಿದರೆ ಅದು ನೇರವಾಗಿ ನಮ್ಮ ಕೇರಿಗೆ ಬರುತ್ತೆ ಅಂತ ಯಾರು ಬರೆದುಕೊಟ್ಟಿದ್ದಾರೆ? ನಮ್ಮ ಜನಸಂಖ್ಯೆಗೆ ತಕ್ಕ ಪಾಲನ್ನು ಬಜೆಟ್ಟಿನಲ್ಲಿ ಎತ್ತಿಡಬೇಕು ಅಂತ ಕರ್ನಾಟಕದಲ್ಲಿ 2013ರಲ್ಲೇ ಕಾಯ್ದೆಯಾಯಿತು. ನಮ್ಮ ಹೆಸರು ಬರೆದಿಟ್ಟ ಆ ಹಣವೇ ಬೇರೆ ಬೇರೆ ಖಾತೆಗೆ ಹರಿದುಹೋಗೋದನ್ನು ನೋಡ್ತಾ ಇದ್ದೀವಿ. ಕೊಡೋ ಮನಸ್ಸಿಲ್ಲದವರಿಗೆ ಚಂದ್ರ ಒಂದು ನೆಪ. ಚಂದ್ರ ಇಲ್ಲದಿದ್ದರೆ ಇನ್ನೊಂದು ನೆಪ ಸಿಗುತ್ತೆ.

ಹಾಗಾಗಿ ‘ದುಡ್ಡು ದಂಡ’ ಅನ್ನೋ ವಾದಕ್ಕೆ ನಾನು ಪೂರ್ತಿ ತಲೆದೂಗಲಾರೆ.

ಚಂದ್ರನ ವಿಜ್ಞಾನ ನಮ್ಮದೂ ಹೌದು

ಇನ್ನೊಂದು ಕಾರಣಕ್ಕೂ ಆ ವಾದ ನನಗೆ ಸಾಲದು. ಚಂದ್ರನ ಹೆಸರಿನಲ್ಲಿ ನಮಗೆ ಆದ ಅವಮಾನ ಹಳೆಯದು. ಗ್ರಹಣ ಹಿಡಿದರೆ ರಾಹು ಕೇತು ನುಂಗಿದರು ಅಂತ ಕತೆ ಕಟ್ಟಿದರು. ಮಹಾರಾಷ್ಟ್ರದ ಕಡೆ ಆ ರಾಹು ಕೇತುಗಳನ್ನು ಮಾಂಗ, ಮಹಾರ ಜಾತಿಗಳಿಗೆ ಅಂಟಿಸಿದರು. ಗ್ರಹಣದ ಹೊತ್ತು ಅವರು ಬೀದಿಯಲ್ಲಿ ಕೂಗಿಕೊಂಡು ಹೋಗಬೇಕು, ದಾನ ಕೊಟ್ಟರೆ ಗ್ರಹಣ ಬಿಡುತ್ತೆ ಅಂತ ಜನ ಹಳೇ ಬಟ್ಟೆ, ಕಾಳು ಎಸೆಯಬೇಕು. ಆಕಾಶದಲ್ಲಿ ಒಂದು ನೆರಳು ಬಿದ್ದರೆ ನೆಲದ ಮೇಲೆ ಅದರ ಮೈಲಿಗೆ ನಮ್ಮ ತಲೆಗೆ.

ಅದು ರಾಹುವೂ ಅಲ್ಲ, ಕೇತುವೂ ಅಲ್ಲ, ಭೂಮಿಯ ನೆರಳು ಕಣಪ್ಪ ಅಂತ ಹೇಳಿ ಆ ಕತೆಯ ಬೇರು ಕಿತ್ತದ್ದು ವಿಜ್ಞಾನ. ಚಂದ್ರ ದೇವರಲ್ಲ, ಕಲ್ಲು ಮಣ್ಣು. ಅಪೊಲೊದವರು 382 ಕೆ.ಜಿ. ಕಲ್ಲು ಮಣ್ಣು ತಂದು ಒಡೆದು ನೋಡಿದರು. 2008ರ ಅಕ್ಟೋಬರಿನಲ್ಲಿ ಹಾರಿದ ನಮ್ಮ ಚಂದ್ರಯಾನ-1ರಲ್ಲಿದ್ದ ನಾಸಾದ ಉಪಕರಣ ಅಲ್ಲಿ ನೀರಿನ ಗುರುತು ಇದೆ ಅಂತ ತೋರಿಸಿತು, 2009ರಲ್ಲಿ ಅದು ಪ್ರಕಟವಾಯಿತು. 2023ರಲ್ಲಿ ಪ್ರಜ್ಞಾನ್ ರೋವರ್ ಅಲ್ಲಿಯ ಮಣ್ಣಿನಲ್ಲಿ ಗಂಧಕ ಇರೋದನ್ನ ಪತ್ತೆ ಮಾಡಿತು. ಪುರೋಹಿತಶಾಹಿಗೆ ಪಂಚಾಂಗ ಸಾಕು. ನಮಗೆ ಸಾಲದು. ನಮಗೆ ಈ ಸತ್ಯಗಳು ಬೇಕು. ಆದ್ದರಿಂದ ಚಂದ್ರನಿಗೆ ಹೋಗಬೇಡಿ ಅಂತ ನಾವು ಹೇಳಬಾರದು.

ಆದರೆ ಹೋಗಿ ನೋಡಿ ಬರೋದು ಬೇರೆ, ಕಾಲೋನಿ ಕಟ್ಟೋದು ಬೇರೆ. ಇವೆರಡನ್ನೂ ಕಲಸಿ ನಮ್ಮ ಬಾಯಿಗೆ ತುರುಕ್ತಾ ಇದ್ದಾರೆ. ಅಲ್ಲೇ ಎಚ್ಚರ ಬೇಕು.

ಅಲ್ಲಿ ಬದುಕೋದು ಅಂದರೆ ಏನು?

ಚಂದ್ರನ ಮೇಲೆ ಗಾಳಿ ಇಲ್ಲ. ಒಂದು ಹಗಲು ನಮ್ಮ ಸುಮಾರು 14 ದಿನ, ಒಂದು ರಾತ್ರಿ ಮತ್ತೆ 14 ದಿನ. ನಡುಭಾಗದಲ್ಲಿ ಹಗಲು ನೀರು ಕುದಿಯುವಷ್ಟು ಬಿಸಿಲು, ರಾತ್ರಿ ಸೊನ್ನೆಗಿಂತ ನೂರು ಡಿಗ್ರಿಗೂ ಕೆಳಗಿನ ಚಳಿ. ನಮ್ಮ ವಿಕ್ರಮ್, ಪ್ರಜ್ಞಾನ್ ಎರಡನ್ನೂ 2023ರ ಸೆಪ್ಟೆಂಬರ್ ಮೊದಲಲ್ಲಿ ಮಲಗಿಸಿದರು. ಒಂದೇ ಒಂದು ರಾತ್ರಿ ಕಳೆಯಿತು, ಮತ್ತೆ ಏಳಲಿಲ್ಲ. ಯಂತ್ರದ ಪಾಡು ಅದು. ಮನುಷ್ಯನ ಪಾಡೇನು?

ವಿಕಿರಣದ ಕಾಟ ಬೇರೆ. ಚೀನಾದ ಚಾಂಗ್’ಇ-4 ನೌಕೆ 2019ರಲ್ಲಿ ಅಳೆದು ನೋಡಿದಾಗ ಅದು ಭೂಮಿಯ ಮೇಲಿನದಕ್ಕಿಂತ ಸುಮಾರು 200 ಪಟ್ಟು. ಅದರಿಂದ ತಪ್ಪಿಸಿಕೊಳ್ಳಬೇಕಾದರೆ ಮನೆಯ ಮೇಲೆ ಆಳೆತ್ತರ ಮಣ್ಣು ಹೇರಬೇಕು, ಇಲ್ಲವೆ ಗವಿಯೊಳಗೆ ಇರಬೇಕು. ಧೂಳು ಗಾಜಿನ ಪುಡಿಯ ಹಾಗೆ ಚೂಪು. 1972ರಲ್ಲಿ ಅಪೊಲೊ-17ರಲ್ಲಿ ಹೋದ ಹ್ಯಾರಿಸನ್ ಶ್ಮಿಟ್‌ಗೆ ಆ ಧೂಳು ಮೂಗಿಗೆ ಹೋಗಿ ನೆಗಡಿ ಹಿಡಿದ ಹಾಗೆ ಆಯಿತು.

ಗಾಜಿನ ಮನೆ ಕಟ್ಟಿ ಒಳಗೆ ಗಿಡ ಬೆಳೆಸಿ ಬದುಕಬಹುದಲ್ಲ ಅಂತೀರಿ. ಅದನ್ನೂ ಮಾಡಿ ನೋಡಿದ್ದಾರೆ, ಭೂಮಿಯ ಮೇಲೆಯೇ. ಅಮೆರಿಕದ ಅರಿಜೋನಾದಲ್ಲಿ ‘ಬಯೋಸ್ಫಿಯರ್-2’ ಅನ್ನುವ ಗಾಜಿನ ಊರಿನೊಳಗೆ 1991ರಿಂದ 1993ರವರೆಗೆ ಎಂಟು ಜನ ಬಾಗಿಲು ಹಾಕಿಕೊಂಡು ಬದುಕಿದರು. ಗಾಳಿಯಲ್ಲಿ ನೂರಕ್ಕೆ 21ರಷ್ಟು ಇರಬೇಕಾದ ಆಮ್ಲಜನಕ 14.5ಕ್ಕೆ ಇಳಿಯಿತು. ಹೊರಗಿನಿಂದ ಆಮ್ಲಜನಕ ತುಂಬಿದರು, ಬದುಕಿಕೊಂಡರು. ಹೊರಗೆ ಗಾಳಿ ಇತ್ತು, ಅದಕ್ಕೆ ಬದುಕಿದರು. ಚಂದ್ರನಲ್ಲಿ ಹೊರಗೆ ಏನಿದೆ?

ಖರ್ಚೂ ಕೇಳಿ. ನಾಸಾದ್ದೇ ತನಿಖಾ ಕಚೇರಿ 2021ರಲ್ಲಿ ಕೊಟ್ಟ ಲೆಕ್ಕದಂತೆ ಮತ್ತೆ ಚಂದ್ರನಿಗೆ ಹೋಗುವ ಆರ್ಟೆಮಿಸ್ ಯೋಜನೆಯ ಮೊದಲ ನಾಲ್ಕು ಹಾರಾಟಗಳಿಗೆ ಒಂದೊಂದಕ್ಕೆ 410 ಕೋಟಿ ಡಾಲರು. ನಮ್ಮ ಲೆಕ್ಕಕ್ಕೆ 30 ಸಾವಿರ ಕೋಟಿ ರೂಪಾಯಿಗೂ ಮೇಲೆ. ಅಂದರೆ ಒಂದು ಹಾರಾಟಕ್ಕೆ ಐವತ್ತು ಚಂದ್ರಯಾನ-3. ನೋಡಿ ಬರೋ ಖರ್ಚಿಗೂ ಹೋಗಿ ನೆಲೆಸೋ ಖರ್ಚಿಗೂ ಇರುವ ವ್ಯತ್ಯಾಸ ಇದು.

ಇನ್ನು ಕೆಲವರು ಹೇಳ್ತಾರೆ: ಭೂಮಿ ಹಾಳಾಗ್ತಾ ಇದೆ, ಮನುಷ್ಯ ಕುಲ ಉಳಿಯಬೇಕಾದರೆ ಇನ್ನೊಂದು ನೆಲೆ ಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಎಷ್ಟೇ ಹಾಳಾದ ಭೂಮಿಯೂ ಚಂದ್ರನಿಗಿಂತ ಮೇಲು. ಬರಗಾಲದ ಬಯಲಿನಲ್ಲೂ ಉಸಿರಾಡೋಕೆ ದುಡ್ಡು ಕೊಡಬೇಕಿಲ್ಲ. ಇನ್ನು ಪ್ರಳಯ ಬಂದಾಗ ದೋಣಿ ಹತ್ತೋರು ಯಾರು, ದಡದಲ್ಲಿ ಉಳಿಯೋರು ಯಾರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿಗೆ ಪ್ರವಾಹ ಬಂದಾಗ ತಗ್ಗಿನ ಕೇರಿಗೆ ಮೊದಲು ನೀರು ನುಗ್ಗುತ್ತೆ. ಮೊದಲು ಬರುವ ದೋಣಿ ಕೇರಿಗೆ ಬರುತ್ತೆ ಅಂತೀರಾ?

ಮೇಲೆ ತೋಟಿ ಇಲ್ಲ

ಈಗ ನಾಲ್ಕನೇ ಪ್ರಶ್ನೆಗೆ ಮೊದಲು ಬರ್ತೀನಿ. ಹೇಲು ಬಾಚೋರು ಯಾರು? ಮೂಗು ಮುರಿಯಬೇಡಿ. ಯಾವುದೇ ಊರಿನ ನಾಗರಿಕತೆಯನ್ನ ಅದರ ಕಕ್ಕಸ್ಸಿನಿಂದ ಅಳೆಯಬೇಕು.

ಅಪೊಲೊ ಯಾತ್ರಿಕರು ತಮ್ಮ ಮಲಮೂತ್ರದ ಚೀಲಗಳನ್ನು ಚಂದ್ರನ ಮೇಲೆಯೇ ಬಿಟ್ಟು ಬಂದರು. ಕಲ್ಲು ತರೋಕೆ ನೌಕೆಯಲ್ಲಿ ಭಾರ ಇಳಿಸಬೇಕಿತ್ತು. ಬಾವುಟದ ಜೊತೆ ಅವೂ ಅಲ್ಲೇ ಉಳಿದವು. ಅದು ಮೂರು ದಿನದ ಬಿಡಾರ, ನಡೆಯಿತು. ಕಾಲೋನಿ ಅಂದರೆ ಹಾಗಲ್ಲ. ಅಲ್ಲಿ ಒಂದು ತೊಟ್ಟು ನೀರನ್ನೂ ಚೆಲ್ಲೋ ಹಾಗಿಲ್ಲ. ಭೂಮಿಯಿಂದ 400 ಕಿಲೋಮೀಟರ್ ಮೇಲೆ ಸುತ್ತುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಉಚ್ಚೆ, ಬೆವರು ಎಲ್ಲವನ್ನೂ ಸೋಸಿ ಮತ್ತೆ ಕುಡಿಯುವ ನೀರು ಮಾಡ್ತಾರೆ. 2023ರ ಹೊತ್ತಿಗೆ ನೂರಕ್ಕೆ 98 ಪಾಲು ನೀರನ್ನು ಹೀಗೆ ವಾಪಸು ಪಡೆಯೋದು ಸಾಧ್ಯವಾಯಿತು. 2008ರಲ್ಲಿ ಅಲ್ಲಿಯ ಕಕ್ಕಸ್ಸು ಕೆಟ್ಟಿತು. ಪಂಪು ಭೂಮಿಯಿಂದ ನೌಕೆಯಲ್ಲಿ ಹೋಯಿತು. ರಿಪೇರಿ ಮಾಡಿದವರು ಯಾರು? ಅಲ್ಲಿದ್ದ ಗಗನಯಾತ್ರಿಯೇ. ದೊಡ್ಡ ಇಂಜಿನಿಯರು, ದೇಶದ ವೀರ, ಸ್ವಂತ ಕೈಯಿಂದ ತನ್ನ ಕಕ್ಕಸ್ಸು ಬಿಚ್ಚಿ ಜೋಡಿಸಿದ. ಅಲ್ಲಿ ತೋಟಿ ಇಲ್ಲ. ಕರೆಯೋಕೆ ಕೇರಿ ಇಲ್ಲ.

ಈಗ ಕೆಳಗೆ ನೋಡಿ. 1970ರ ದಶಕದಲ್ಲಿ ನಮ್ಮ ಬಸವಲಿಂಗಪ್ಪನವರು ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರಿಸೋದನ್ನು ನಿಲ್ಲಿಸಲು ಹೊರಟರು. 1993ರಲ್ಲಿ ದೇಶಕ್ಕೇ ಒಂದು ಕಾಯ್ದೆಯಾಯಿತು. 2013ರಲ್ಲಿ ಇನ್ನೊಂದು ಬಂತು. 2014ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು, 1993ರಿಂದೀಚೆಗೆ ಚರಂಡಿಯಲ್ಲಿ ಸತ್ತವರ ಕುಟುಂಬಗಳಿಗೆ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರ್ 20ರಂದು ಅದನ್ನು 30 ಲಕ್ಷಕ್ಕೆ ಏರಿಸಿತು. ದಿನಾಂಕ ನೋಡಿಕೊಳ್ಳಿ. ವಿಕ್ರಮ್ ಚಂದ್ರನ ಮೇಲೆ ಇಳಿದು ಎರಡು ತಿಂಗಳೂ ಆಗಿರಲಿಲ್ಲ. ಮೂರೂ ಮುಕ್ಕಾಲು ಲಕ್ಷ ಕಿಲೋಮೀಟರ್ ದೂರದ ನೆಲಕ್ಕೆ ಮನುಷ್ಯನನ್ನು ಕಳಿಸದೆ ಯಂತ್ರ ಇಳಿಸಿದ ದೇಶ, ಹತ್ತಡಿಯ ಮ್ಯಾನ್‌ಹೋಲಿಗೆ ಯಂತ್ರ ಇಳಿಸದೆ ಮನುಷ್ಯನನ್ನು ಇಳಿಸ್ತಾ ಇತ್ತು. ಆಮೇಲೂ ಸಾವುಗಳು ನಿಂತಿಲ್ಲ.

ಇದು ದುಡ್ಡಿನ ಕೊರತೆಯೆ? ಅಲ್ಲ. ಬುದ್ಧಿಯ ಕೊರತೆಯೆ? ಅಲ್ಲ. ಮೇಲೆ ತೋಟಿ ಸಿಗೋದಿಲ್ಲ, ಅದಕ್ಕೆ ಯಂತ್ರ ಹುಡುಕಿದರು. ಕೆಳಗೆ ಮುನ್ನೂರು ರೂಪಾಯಿಗೆ ಮಾದಿಗರ ಹುಡುಗ ಸಿಗ್ತಾನೆ, ಅದಕ್ಕೆ ಹುಡುಕಲಿಲ್ಲ. ಯಂತ್ರವನ್ನು ತಡೆದು ನಿಲ್ಲಿಸಿರೋದು ಜಾತಿ.

ಚಂದ್ರನ ಕೆರೆ, ಮಹಾಡದ ಕೆರೆ

ಈಗ ನೆಲ, ನೀರು. ಚಂದ್ರನ ದಕ್ಷಿಣ ಧ್ರುವದ ಹತ್ತಿರ ಬಿಸಿಲೇ ಕಾಣದ ಹಳ್ಳಗಳಿವೆ. ಅವುಗಳ ತಳದಲ್ಲಿ ಮಂಜುಗಡ್ಡೆಯಾಗಿ ನೀರಿದೆ. ಎಲ್ಲ ದೇಶಗಳೂ ಈಗ ಆ ಕಡೆಗೇ ಓಡ್ತಾ ಇರೋದು ಅದಕ್ಕೇ. ಆ ನೀರು ಕುಡಿಯಬಹುದು, ಒಡೆದರೆ ಉಸಿರಾಡುವ ಗಾಳಿ, ಮತ್ತೆ ರಾಕೆಟ್ಟಿಗೆ ಇಂಧನ. ಅಂದರೆ ಚಂದ್ರನ ಮೇಲೆ ಊರು ಕಟ್ಟಿದರೆ ಅದಕ್ಕೆ ಇರೋದು ಅದೊಂದೇ ಕೆರೆ.

ಆ ಕೆರೆ ಯಾರದು? 1967ರಲ್ಲಿ ದೇಶಗಳು ಸೇರಿ ಒಂದು ಒಪ್ಪಂದ ಮಾಡಿಕೊಂಡವು. ಚಂದ್ರನನ್ನು ಯಾವ ದೇಶವೂ ತನ್ನದು ಅಂತ ಹೇಳೋ ಹಾಗಿಲ್ಲ ಅಂತ ಬರೆದರು. 1979ರಲ್ಲಿ ಇನ್ನೊಂದು ಒಪ್ಪಂದ ಬಂತು. ಅಲ್ಲಿಯ ಸಂಪತ್ತು ಇಡೀ ಮನುಕುಲದ ಆಸ್ತಿ ಅಂದಿತು. ಅದಕ್ಕೆ ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಲಿಲ್ಲ. ಭಾರತ 1982ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ. 2015ರಲ್ಲಿ ಅಮೆರಿಕ ತನ್ನದೇ ಕಾಯ್ದೆ ಮಾಡಿತು: ನೆಲ ಯಾರದೂ ಅಲ್ಲ, ಆದರೆ ನಮ್ಮ ಕಂಪನಿ ಅಲ್ಲಿಂದ ಏನು ತೆಗೆಯುತ್ತೋ ಅದು ಕಂಪನಿಯದು. 2020ರಲ್ಲಿ ಎಂಟು ದೇಶಗಳು ಆರ್ಟೆಮಿಸ್ ಒಡಂಬಡಿಕೆ ಮಾಡಿಕೊಂಡವು. ಸಂಪತ್ತು ತೆಗೆಯೋದು ಒಡೆತನ ಸಾಧಿಸಿದ ಹಾಗಲ್ಲ ಅಂದವು. ಕೆಲಸ ಮಾಡುವ ಜಾಗದ ಸುತ್ತ ‘ಸುರಕ್ಷತಾ ವಲಯ’ ಇರಬಹುದು ಅಂದವು. 2023ರ ಜೂನಿನಲ್ಲಿ ಭಾರತವೂ ಸೇರಿತು. ಆ ಕಡೆ ಚೀನಾ ಮತ್ತು ರಷ್ಯಾ 2021ರಿಂದ ತಮ್ಮದೇ ಚಂದ್ರ ಕೇಂದ್ರದ ಯೋಜನೆ ಹಾಕಿಕೊಂಡಿವೆ.

ಸರಳವಾಗಿ ಹೇಳ್ತೀನಿ. ಕೆರೆ ಎಲ್ಲರದು, ಕೊಡ ನಮ್ಮದು, ಕೊಡಕ್ಕೆ ಬಂದ ನೀರು ನಮ್ಮದು, ಕೆರೆ ಏರಿಯ ಮೇಲೆ ನಮ್ಮ ಕಾವಲು. ಈ ಮಾತು ಎಲ್ಲೋ ಕೇಳಿದ ಹಾಗಿಲ್ಲವೆ?

ಮಹಾಡದ ಚವದಾರ್ ಕೆರೆ ನೆನೆಯಿರಿ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಅಂತ 1923ರಲ್ಲಿ ಬೋಲೆಯವರು ಮುಂಬೈ ಶಾಸನ ಸಭೆಯಲ್ಲಿ ಠರಾವು ಮಾಡಿಸಿದರು. 1924ರಲ್ಲಿ ಮಹಾಡದ ಪುರಸಭೆಯೂ ಠರಾವು ಮಾಡಿತು. ಕಾಗದದ ಮೇಲೆ ಕೆರೆ ನಮ್ಮದೂ ಆಯಿತು. ಒಬ್ಬರಾದರೂ ಕುಡಿಯೋಕೆ ಆಯಿತೆ? ಇಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರನ್ನು ಕರಕೊಂಡು ಹೋಗಿ ನೀರು ಮುಟ್ಟಿದರು. ಮೇಲ್ಜಾತಿಯವರು ಹೊಡೆದರು. ಆಮೇಲೆ ಕೆರೆಗೆ ಸಗಣಿ, ಗಂಜಲ ಸುರಿದು ಶುದ್ಧಿ ಮಾಡಿದರು. ಡಿಸೆಂಬರಿನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಹೊರಟಾಗ ಕೋರ್ಟಿಗೆ ಹೋದರು. ಏನಂತ? ಕೆರೆ ಸಾರ್ವಜನಿಕವಲ್ಲ, ಖಾಸಗಿ ಅಂತ! ತಡೆಯಾಜ್ಞೆ ತಂದರು. ಅದು ಸಾರ್ವಜನಿಕ ಕೆರೆಯೇ ಅಂತ ಹೈಕೋರ್ಟಿನಲ್ಲಿ ಇತ್ಯರ್ಥ ಆಗೋಕೆ 1937 ಆಯಿತು. ಹತ್ತು ವರ್ಷ.

ಕಾಗದದಲ್ಲಿ ‘ಎಲ್ಲರದು’ ಅಂತ ಬರೆದರೆ ಸಾಲದು, ಏರಿಯ ಮೇಲೆ ನಿಂತವರು ಯಾರು ಅಂತ ನೋಡಬೇಕು. ಇದನ್ನು ನಮಗಿಂತ ಚೆನ್ನಾಗಿ ತಿಳಿದವರು ಈ ಭೂಮಿಯ ಮೇಲೆ ಯಾರಿದ್ದಾರೆ? ಚಂದ್ರನ ಕೆರೆಯ ಏರಿಯ ಮೇಲೆ ಈಗಲೇ ಕಾವಲು ನಿಲ್ಲಿಸೋ ಮಾತು ನಡೀತಾ ಇದೆ.

ಕೆ.ಜಿ.ಎಫ್. ನೋಡಿ, ಸಾಕು

ಕೊನೆಯದು, ದುಡಿಯೋರು ಯಾರು? ಗಣಿ ಕಾಲೋನಿ ಹೇಗಿರುತ್ತೆ ಅಂತ ತಿಳಿಯೋಕೆ ಚಂದ್ರನಿಗೆ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗೆ ಹೋಗಿ. 1880ರ ದಶಕದಿಂದ ಜಾನ್ ಟೇಲರ್ ಕಂಪನಿ ಅಲ್ಲಿ ಗಣಿ ನಡೆಸಿತು. ತಮಿಳು ಸೀಮೆಯ ಉತ್ತರ ಆರ್ಕಾಟಿನ ಕಡೆಯಿಂದ ಬಂದ ನಮ್ಮ ಜನ ಇಳಿದು ಇಳಿದು ಮೂರು ಕಿಲೋಮೀಟರಿಗೂ ಆಳಕ್ಕೆ ಹೋದರು. ಅಲ್ಲಿ ಬಂಡೆಯೇ ಸುಡುತ್ತಿತ್ತು. ಬಿಳಿಯರಿಗೆ ಬಂಗಲೆ, ಕ್ಲಬ್ಬು. ನಮ್ಮವರಿಗೆ ಸಾಲು ಗುಡಿಸಲ ಲೈನು. 1902ರಲ್ಲಿ ಶಿವನಸಮುದ್ರದ ಕರೆಂಟು ಮೊದಲು ಹೋದದ್ದು ಆ ಗಣಿಗೆ, ಬೆಂಗಳೂರಿಗೂ ಮೊದಲು. ಒಟ್ಟು ತೆಗೆದ ಚಿನ್ನ ಸುಮಾರು 800 ಟನ್. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ಹೋಯಿತು. ಉಳಿದದ್ದು ಸಯನೈಡ್ ಮಣ್ಣಿನ ಗುಡ್ಡ, ಧೂಳು ತುಂಬಿದ ಶ್ವಾಸಕೋಶ.

ಆದರೂ ಅಲ್ಲಿ ಒಂದು ಸಂಗತಿ ನಡೆಯಿತು. 1930ರಲ್ಲಿ ಕಂಪನಿ ಎಲ್ಲ ಕೂಲಿಗಳ ಬೆರಳಚ್ಚು ತೆಗೆಯೋಕೆ ಹೊರಟಾಗ ಕಾರ್ಮಿಕರು ಮುಷ್ಕರ ಹೂಡಿದರು. ನಾವು ಕಳ್ಳರಲ್ಲ ಅಂತ ಗಣಿಗೆ ಇಳಿಯದೆ ಮೇಲೆ ನಿಂತರು. ಮೇಲೆ ನಿಲ್ಲೋಕೆ ಅವರಿಗೆ ಜಾಗ ಇತ್ತು. ಸುರಂಗದೊಳಗೆ ಕಂಪನಿಯ ಗಾಳಿ, ಮೇಲೆ ಬಂದರೆ ಯಾರದೂ ಅಲ್ಲದ ಗಾಳಿ.

ಚಂದ್ರನಲ್ಲಿ ಆ ‘ಮೇಲೆ’ ಇಲ್ಲ. ಒಬ್ಬ ಮನುಷ್ಯನಿಗೆ ದಿನಕ್ಕೆ 800 ಗ್ರಾಂಗೂ ಹೆಚ್ಚು ಆಮ್ಲಜನಕ ಬೇಕು. ಅದನ್ನು ಬಿಡುವ ನಲ್ಲಿ ಮಾಲೀಕನ ಕೈಲಿ. ಕುಡಿಯುವ ನೀರಿನ ನಲ್ಲಿಯೂ ಅವನ ಕೈಲಿ. ಊರಿಗೆ ವಾಪಸು ಬರುವ ವಾಹನವೂ ಅವನದೇ. ಅಂಥ ಕಡೆ ಯಾರಾದರೂ ‘ಕೂಲಿ ಸಾಲದು’ ಅಂತ ಕೂತುಬಿಡೋಕೆ ಆಗುತ್ತ? ನಮ್ಮ ಹಳ್ಳಿಯ ಜೀತದಾಳು ಅತ್ತೂ ಕರೆದೂ ಕೊನೆಗೆ ಒಂದು ರಾತ್ರಿ ಊರು ಬಿಟ್ಟು ಓಡಿಹೋಗಬಹುದಿತ್ತು. ಓಡಿದವರೂ ಉಂಟು, ಅವರ ಮೊಮ್ಮಕ್ಕಳು ಇವತ್ತು ಹಾಸ್ಟೆಲಿನಲ್ಲಿ ಓದ್ತಾ ಇದ್ದಾರೆ. 1976ರಲ್ಲಿ ಜೀತ ರದ್ದಾಯಿತು. ಚಂದ್ರನ ಕಾಲೋನಿಯಲ್ಲಿ ಜೀತದಾಳು ಎಲ್ಲಿಗೆ ಓಡಬೇಕು? ಅಲ್ಲಿ ಹುಟ್ಟೋದು ಉಸಿರಿಗೆ ಜೀತ. ಇಂಥ ಜೀತವನ್ನು ಮನುವೂ ಕನಸಿನಲ್ಲಿ ಕಂಡಿರಲಿಲ್ಲ.

ಮೊದಲು ಹೋಗೋರು ವಿಜ್ಞಾನಿಗಳು, ಕೂಲಿಗಳಲ್ಲ ಅಂತೀರಿ. ಸರಿ. ಕೋಲಾರಕ್ಕೂ ಮೊದಲು ಬಂದವರು ಕೈಯಲ್ಲಿ ನಕ್ಷೆ ಹಿಡಿದವರೇ. ಲಾಭ ಕಂಡ ಮೇಲೆ ಹಾರೆ ಹಿಡಿಯೋರು ಬೇಕಾಗ್ತಾರೆ. ಹಾರೆ ಹಿಡಿಯೋ ಯಂತ್ರ ದುಬಾರಿಯಾದರೆ ಏನಾಗುತ್ತೆ ಅನ್ನೋದಕ್ಕೆ ಮ್ಯಾನ್‌ಹೋಲೇ ಸಾಕ್ಷಿ.

ನಮ್ಮ ನಿಲುವು ಏನಿರಬೇಕು?

ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಆಮೇಲೆ ನೀವು ಚರ್ಚೆ ಮಾಡಿ.

ಚಂದ್ರನಿಗೆ ಹೋಗೋದು ಸಾರ್ಥಕ. ತಿಳಿವಳಿಕೆ ತರೋ ಯಾವ ದಾರಿಯನ್ನೂ ನಾವು ಮುಚ್ಚಬಾರದು. ಅಕ್ಷರವನ್ನೇ ಮುಚ್ಚಿಟ್ಟವರಿಂದ ಕಿತ್ತುಕೊಂಡು ಓದಿದ ಜನ ನಾವು. ಆದರೆ ಕಾಲೋನಿ ಬೇಡ, ಕೇಂದ್ರ ಸಾಕು. ಅಂಥದ್ದು ಆಗೋದಿಲ್ಲ ಅಂತ ಯಾರಾದರೂ ಅಂದರೆ ಅಂಟಾರ್ಕ್ಟಿಕಾ ತೋರಿಸಿ. 1959ರ ಒಪ್ಪಂದದಂತೆ ಆ ನೆಲದ ಮೇಲೆ ದೇಶಗಳು ತಮ್ಮ ಒಡೆತನದ ಹಕ್ಕುಗಳನ್ನು ಬದಿಗಿಟ್ಟಿವೆ, ಸೈನ್ಯ ಇಡೋ ಹಾಗಿಲ್ಲ. 1991ರಲ್ಲಿ ಮಾಡಿಕೊಂಡ ಇನ್ನೊಂದು ಒಪ್ಪಂದದಂತೆ ಗಣಿ ತೆಗೆಯೋದು ಪೂರ್ತಿ ನಿಷೇಧ. ನಮ್ಮ ದೇಶದ್ದೇ ಮೈತ್ರಿ 1989ರಿಂದ, ಭಾರತಿ 2012ರಿಂದ ಅಲ್ಲಿ ಕೆಲಸ ಮಾಡ್ತಾ ಇವೆ. ಹೋಗ್ತಾರೆ, ಅಳೀತಾರೆ, ಬರ್ತಾರೆ. ಯಾರೂ ಅಲ್ಲಿ ಜಮೀನ್ದಾರರಾಗಿಲ್ಲ. ಇದು ಹೇಗೆ ಸಾಧ್ಯವಾಯಿತು? ಅಗೆಯೋಕೆ ಮೊದಲೇ ನಿಯಮ ಮಾಡಿದರು, ಅದಕ್ಕೆ. ಚಂದ್ರನ ವಿಷಯದಲ್ಲಿ ನಾವು ಕೇಳಬೇಕಾದದ್ದು ಇದನ್ನೇ: ಮೊದಲು ಕೆರೆಯ ಪ್ರಶ್ನೆ ಇತ್ಯರ್ಥವಾಗಲಿ, ಆಮೇಲೆ ಕೊಡ ಇಳಿಸಿ. ಭಾರತ ಸರ್ಕಾರ 1982ರ ತನ್ನ ಸಹಿಯನ್ನು ಯಾಕೆ ಅನುಮೋದಿಸಲಿಲ್ಲ ಅಂತ ಕೇಳಬೇಕು.

ಇದು ದೂರದ ಮಾತು, ನಮಗೇಕೆ ಅಂತ ಅನ್ನಬೇಡಿ. ಅಪೊಲೊದಲ್ಲಿ ಚಂದ್ರನ ಮೇಲೆ ನಡೆದವರು 12 ಜನ, ಹನ್ನೆರಡೂ ಬಿಳಿಯ ಗಂಡಸರು. ಎಡ್ ಡ್ವೈಟ್ ಅನ್ನುವ ಕರಿಯ ಪೈಲಟ್ 1960ರ ದಶಕದ ಮೊದಲಲ್ಲಿ ಗಗನಯಾತ್ರಿಯಾಗೋಕೆ ತರಬೇತಿ ಪಡೆದ. ಆರಿಸಲಿಲ್ಲ. ಅವನು ಆಕಾಶ ಮುಟ್ಟಿದ್ದು 2024ರ ಮೇ ತಿಂಗಳಲ್ಲಿ, ತನ್ನ 90ನೇ ವಯಸ್ಸಿನಲ್ಲಿ. ಅಷ್ಟು ವರ್ಷ ಕಾಯೋಕೆ ನಮಗೆ ಪುರುಸೊತ್ತಿಲ್ಲ. ನಿಯಮ ಬರೆಯೋ ಮೇಜಿನ ಹತ್ತಿರ ನಮ್ಮವರು ಇಲ್ಲದಿದ್ದರೆ ನಿಯಮ ಹೇಗಿರುತ್ತೆ ಅಂತ ಮನುಸ್ಮೃತಿ ಓದಿದವರಿಗೆ ಗೊತ್ತು. ನಮ್ಮವರು ಒಬ್ಬರು ಆ ಮೇಜಿನ ತಲೆಯಲ್ಲಿ ಕೂತರೆ ಹೇಗಿರುತ್ತೆ ಅಂತ ಸಂವಿಧಾನ ಓದಿದವರಿಗೂ ಗೊತ್ತು.

ಅದಕ್ಕೆ ಈ ಹಾಸ್ಟೆಲಿನ ಗೆಳೆಯರಿಗೆ ನನ್ನದೊಂದು ಬೇಡಿಕೆ. ‘ಸೈನ್ಸು ನಮ್ಮಂಥವರಿಗಲ್ಲ, ಆರ್ಟ್ಸ್ ತಗೋ, ಬೇಗ ನೌಕರಿ ಸಿಗುತ್ತೆ’ ಅಂತ ಹೇಳೋರ ಮಾತು ಕೇಳಬೇಡಿ. ಆರ್ಟ್ಸ್ ಓದಿದ ನಾನೇ ಹೇಳ್ತಾ ಇದ್ದೀನಿ. ನಮಗೆ ಭೌತಶಾಸ್ತ್ರ ಓದಿದವರು ಬೇಕು, ಮ್ಯಾನ್‌ಹೋಲಿಗೆ ಯಂತ್ರ ಕಟ್ಟೋ ಇಂಜಿನಿಯರು ಬೇಕು, ಅಂತರರಾಷ್ಟ್ರೀಯ ಕಾನೂನು ಓದಿ ಕೆರೆಯ ಪರವಾಗಿ ವಾದಿಸೋ ವಕೀಲರು ಬೇಕು. ಹಾಸ್ಟೆಲಿನ ಲೈಬ್ರರಿಗೆ ಹಳೇ ಗೈಡುಗಳ ಬದಲು ವಿಜ್ಞಾನದ ಪುಸ್ತಕ ತರಿಸಿ ಅಂತ ವಾರ್ಡನ್ನರಿಗೆ ಅರ್ಜಿ ಬರೆಯಿರಿ. ಈ ಸಭೆ ಮುಗಿಯೋ ಮೊದಲೇ ಬರೆದು ಎಲ್ಲರೂ ಸಹಿ ಹಾಕಿ. ಮೊದಲ ಸಹಿ ನನ್ನದು ಹಾಕಿಸಿಕೊಳ್ಳೋಕೆ ಬರೋದಿಲ್ಲ, ನಾನು ಹೊರಗಿನವನು. ಆದರೆ ಕಾಗದ, ಪೆನ್ನು ನಾನು ತಂದಿದ್ದೀನಿ.

ಯಾರಾದರೂ ಬಂದು ಚಂದ್ರನ ಮೇಲೆ ಹೊಸ ಊರು ಕಟ್ತೀವಿ ಅಂದರೆ ಸಿಡಿಮಿಡಿಗೊಳ್ಳಬೇಡಿ, ಚಪ್ಪಾಳೆಯನ್ನೂ ತಟ್ಟಬೇಡಿ. ನೀರಿನ ನಲ್ಲಿ, ಗಾಳಿಯ ನಲ್ಲಿ ಯಾರ ಕೈಲಿ ಅಂತ ಕೇಳಿ. ಕಕ್ಕಸ್ಸು ತೊಳೆಯೋ ಸರದಿಯಲ್ಲಿ ನಿಮ್ಮ ಹೆಸರೂ ಇದೆಯಾ ಅಂತ ಕೇಳಿ. ಇಷ್ಟವಿಲ್ಲದವನು ವಾಪಸು ಬರಬಹುದಾ ಅಂತ ಕೇಳಿ. ಈ ಮೂರಕ್ಕೂ ನೆಟ್ಟಗೆ ಉತ್ತರ ಬಂದ ದಿನ ಅದು ಊರು. ಬಾರದಿದ್ದರೆ ಅದೂ ಒಂದು ಕಾಲೋನಿಯೇ, ನಮ್ಮ ಕಡೆಯ ಅರ್ಥದಲ್ಲಿ.

ಈಗ ನೀವು ಮಾತಾಡಿ. ನನಗೆ ಎದುರು ಹೇಳೋರು ಮೊದಲು ಬನ್ನಿ.

ಜೈ ಭೀಮ್.